ನಡುವೆ ನಿಲ್ಲುವ ಹೆಸರು

ಮಗುವಿಗೆ ಹೆಸರು ಹುಡುಕುತ್ತಿರುವ ತಂದೆತಾಯಂದಿರಿಗೆ, ತೊಟ್ಟಿಲ ಸುತ್ತ ನಿಂತು ತಮ್ಮ ತಮ್ಮ ಹಿರೀಕರ ಹೆಸರನ್ನು ಮುಂದಿಡುತ್ತಿರುವ ಎರಡೂ ಕಡೆಯ ಅಜ್ಜ-ಅಜ್ಜಿಯರಿಗೆ,

ಕನ್ನಡಿಗರ ಹೆಸರಿನಲ್ಲಿ ಹಿರಿಯರಿಗೆ ಹಿಂದಿನಿಂದಲೂ ಒಂದು ಜಾಗ ಇದೆ. ಹಳೆ ಮೈಸೂರಿನ ಕಡೆ ಅದು ಇನಿಷಿಯಲ್ ಆಗಿ ಹೆಸರಿನ ಮುಂದೆ ಕೂತಿರುತ್ತದೆ; ಧಾರವಾಡ, ಬೆಳಗಾವಿಯ ಕಡೆ ಸ್ವಂತ ಹೆಸರಿಗೂ ಅಡ್ಡಹೆಸರಿಗೂ ನಡುವೆ ನಿಂತಿರುತ್ತದೆ. 'ಮಿಡಲ್ ನೇಮ್' ಎಂಬ ಮಾತು ಅರ್ಜಿ ನಮೂನೆಗಳ ಮೂಲಕ ಈಚೆಗೆ ಬಂದದ್ದು. ಅದನ್ನು ಕಂಡು ಹೊರಗಿನ ಫ್ಯಾಷನ್ ಎಂದು ಮೂಗು ಮುರಿಯುವವರು ತಮ್ಮದೇ ಮಾರ್ಕ್ಸ್ ಕಾರ್ಡನ್ನು ಒಮ್ಮೆ ತೆಗೆದು ನೋಡಬಹುದು. ಅಲ್ಲಿ ಚುಕ್ಕಿ ಹಾಕಿದ ಒಂದೋ ಎರಡೋ ಅಕ್ಷರದೊಳಗೆ ಒಬ್ಬ ಅಪ್ಪ, ಒಂದು ಊರು ಮಡಚಿಟ್ಟುಕೊಂಡು ಕೂತಿರುತ್ತವೆ.

ಮಡಚಿಟ್ಟದ್ದು ಎಷ್ಟು ಸುಲಭವಾಗಿ ಮರೆಯಾಗುತ್ತದೆ ಎಂಬುದಕ್ಕೆ ರಾಜ್ಯದ ಎಲ್ಲರಿಗೂ ಗೊತ್ತಿರುವ ಎರಡು ಹೆಸರು ಸಾಕು. ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ. ಅಕ್ಷರಗಳು ಒಂದೇ, ವ್ಯಕ್ತಿಗಳು ಬೇರೆ. ಎರಡರಲ್ಲೂ 'ಎಚ್' ಎಂದರೆ ಹರದನಹಳ್ಳಿ. ಆದರೆ ತಂದೆಯ 'ಡಿ' ದೊಡ್ಡೇಗೌಡ, ಮಗನ 'ಡಿ' ದೇವೇಗೌಡ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅಜ್ಜನ ಜಾಗಕ್ಕೆ ಅಪ್ಪ ಬಂದದ್ದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಡಿ.ವಿ.ಜಿ. ಎಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ; ಅವರ ಮಗ ಬಿ.ಜಿ.ಎಲ್. ಸ್ವಾಮಿಯವರ ಹೆಸರಿನಲ್ಲಿ ಊರೂ ಬದಲಾಗಿ ಬೆಂಗಳೂರಾಯಿತು, ಅಪ್ಪನ ಜಾಗದಲ್ಲಿ ಗುಂಡಪ್ಪ ಬಂದರು. ಕುವೆಂಪು ಮನೆಯಲ್ಲಿ ಹಾಗಾಗಲಿಲ್ಲ. ಕುಪ್ಪಳ್ಳಿ ಉಳಿದುಕೊಂಡಿತು, ವೆಂಕಟಪ್ಪನವರ ಜಾಗಕ್ಕೆ ಪುಟ್ಟಪ್ಪ ಬಂದು ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯಾದರು. ಊರು ಹೀಗೆ ತಲೆಮಾರುಗಳನ್ನು ದಾಟಬಲ್ಲದು. ಅಪ್ಪನ ಹೆಸರಿನ ಆಯುಷ್ಯ ಮಾತ್ರ ಹೆಚ್ಚೆಂದರೆ ಒಂದು ತಲೆಮಾರು.

ಊರಿನ ಹೆಸರೂ ಹುಟ್ಟಿದ ಊರೇ ಆಗಿರಬೇಕೆಂದಿಲ್ಲ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ, ಅವರ ಹಿರಿಯರು ಬಿಟ್ಟುಬಂದ ಊರು. ಹಾಸನ ಜಿಲ್ಲೆಯ ಜಾವಗಲ್ ಅಂತೂ ಶ್ರೀನಾಥರ ಬೌಲಿಂಗ್ ಜೊತೆ ಜಗತ್ತಿನ ಕ್ರಿಕೆಟ್ ಮೈದಾನಗಳನ್ನೆಲ್ಲ ಸುತ್ತಿ, ಮೊದಲ ಹೆಸರಿನ ಗೌರವವನ್ನೂ ಗಿಟ್ಟಿಸಿಕೊಂಡಿತು.

ಈ ಏರ್ಪಾಡು ನಾಡಿನ ಎಲ್ಲ ಕಡೆ ಒಂದೇ ಆಗಿಲ್ಲ. ಜ್ಞಾನಪೀಠ ಪಡೆದ ಎಂಟು ಕನ್ನಡ ಲೇಖಕರ ಹೆಸರುಗಳನ್ನು ಸಾಲಾಗಿ ಬರೆದರೆ ಅದೇ ಒಂದು ನಕ್ಷೆಯಾಗುತ್ತದೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ, ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ: ಊರು, ಅಪ್ಪ, ಕೊನೆಯಲ್ಲಿ ತಾನು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ, ಗಿರೀಶ ರಘುನಾಥ ಕಾರ್ನಾಡ, ಚಂದ್ರಶೇಖರ ಬಸವಣ್ಣೆಪ್ಪ ಕಂಬಾರ: ಮೊದಲು ತಾನು, ನಡುವೆ ಅಪ್ಪ, ಕೊನೆಗೆ ಮನೆತನ. ಈ ನಾಲ್ವರೂ ಹಿಂದಿನ ಮುಂಬೈ ಪ್ರಾಂತದ ಬಳಕೆಯಲ್ಲಿ ಬೆಳೆದವರು. ಅಲ್ಲಿ ಶಾಲೆಯ ದಾಖಲೆಯಿಂದ ಹಿಡಿದು ಎಲ್ಲ ಕಾಗದದಲ್ಲೂ ಹೆಸರು ಬರೆಯುವ ಕ್ರಮ ಅದು. ಕೋಟ ಶಿವರಾಮ ಕಾರಂತ, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂಬಲ್ಲಿ ಊರೂ ಕುಲವೂ ಎರಡು ಬದಿಗೆ ನಿಂತು, ಅಪ್ಪನಿಗೆ ಜಾಗವೇ ಉಳಿದಿಲ್ಲ. ಕೊಡಗಿನದು ಇನ್ನೊಂದು ಬಗೆ. ಜನರಲ್ ಕಾರ್ಯಪ್ಪ ಕೊಡಂದೇರ ಮಾದಪ್ಪ ಕಾರ್ಯಪ್ಪ. ಜನರಲ್ ತಿಮ್ಮಯ್ಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಮುಂದೆ ಒಕ್ಕದ, ಅಂದರೆ ಮನೆತನದ ಹೆಸರು, ನಡುವೆ ಅಪ್ಪ. ಇಬ್ಬರೂ ಒಂದೇ ಒಕ್ಕದವರೆಂದು ಹೆಸರೇ ಹೇಳುತ್ತದೆ. ಪಹಣಿಯಲ್ಲಿ ಇವೆಲ್ಲ ಮತ್ತೊಂದು ರೂಪ ತಾಳುತ್ತವೆ. ಅಲ್ಲಿ ಯಾವ ಜಾತಿಯ, ಯಾವ ಧರ್ಮದ ರೈತನಾದರೂ ಅಪ್ಪನ ಹೆಸರಿಗೆ ಮೊದಲು 'ಬಿನ್' ಎಂಬ ಅರಬ್ಬಿ ಮಾತು ಸೇರುತ್ತದೆ, ಹೆಂಗಸಾದರೆ ಗಂಡನ ಹೆಸರಿಗೆ ಮೊದಲು 'ಕೋಂ'.

ಇನಿಷಿಯಲ್ ಕನ್ನಡದಲ್ಲಿ ಇದ್ದಷ್ಟು ಕಾಲ ಅಷ್ಟು ಬಡವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕು-ವೆಂ-ಪು, ತೀ-ನಂ-ಶ್ರೀ, ಪು-ತಿ-ನ, ತ-ರಾ-ಸು. ಕನ್ನಡದ ಲಿಪಿ ಹೆಸರಿನ ಮೊದಲ ಉಲಿಯನ್ನು ಸ್ವರದ ಸಮೇತ ಉಳಿಸಿಕೊಳ್ಳುತ್ತದೆ. 'ವೆಂ' ಎಂದಾಗ ವೆಂಕಟಪ್ಪ ಅರ್ಧ ಕೇಳಿಸುತ್ತಾರೆ, 'ನಂ' ಎಂದಾಗ ನಂಜುಂಡಯ್ಯ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ 'ಕೆ.ವಿ.', 'ಟಿ.ಎನ್.' ಮಾಡಿದರೆ ಉಳಿಯುವುದು ಬರೀ ವ್ಯಂಜನ. ವಿ ಎಂದರೆ ವೆಂಕಟಪ್ಪನೋ, ವೀರಪ್ಪನೋ, ವಿಠ್ಠಲನೋ! ಒಂದೇ ಮನೆಯ ಮೊಮ್ಮಕ್ಕಳಿಗೆ ಮುತ್ತಜ್ಜನ ಹೆಸರು ಗೊತ್ತಿಲ್ಲದೆ ಹೋಗುವುದಕ್ಕೆ ಈ ಚುಕ್ಕಿಗಳ ಪಾಲೂ ಇದೆ.

ಈಗ ಈ ಚುಕ್ಕಿಗಳಿಗೇ ಕುತ್ತು ಬಂದಿದೆ. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಪ್ಯಾನ್ ಅರ್ಜಿಯೂ ಹಾಗೆಯೇ. 'ರಮೇಶ್ ಕೆ.' ಎಂದು ಎಸ್ಸೆಸ್ಸೆಲ್ಸಿಯಲ್ಲೂ 'ಕೆ. ರಮೇಶ್' ಎಂದು ಆಧಾರ್‌ನಲ್ಲೂ ಇರುವ ಒಬ್ಬನೇ ಮನುಷ್ಯ ತಾನು ಒಬ್ಬನೇ ಎಂದು ಸಾಬೀತು ಮಾಡಲು ಅಫಿಡವಿಟ್ ಹಿಡಿದು ಓಡಾಡುವುದು ಇಂದು ಸಾಮಾನ್ಯ ದೃಶ್ಯ. ಇದು ಕಿರಿಕಿರಿ ನಿಜ. ಆದರೆ ಹೆಸರಿಡಲು ಹೊರಟವರಿಗೆ ಇದರಲ್ಲೊಂದು ಅನುಕೂಲವೂ ಇದೆ: ಮಡಚಿಟ್ಟದ್ದನ್ನು ಹೇಗೂ ಬಿಡಿಸಿ ಬರೆಯಲೇಬೇಕಾದರೆ, ಅಲ್ಲಿ ಯಾರ ಹೆಸರಿರಬೇಕು ಎಂದು ಒಂದು ಗಳಿಗೆ ಯೋಚಿಸಬಹುದು.

ಅಭ್ಯಾಸಬಲದಿಂದ ಅಲ್ಲಿ ಬರುವುದು ಅಪ್ಪನ ಹೆಸರು. ಅಪ್ಪನ ಹೆಸರಾದರೋ ಜನನ ಪ್ರಮಾಣಪತ್ರದಲ್ಲಿ, ಶಾಲೆಯ ದಾಖಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ ಬೇರೆ ಕಾಲಂನಲ್ಲಿ ಇದ್ದೇ ಇರುತ್ತದೆ. ಎರಡು ಕಡೆ ಅದನ್ನೇ ಬರೆಯುವುದಕ್ಕಿಂತ, ಬೇರೆಲ್ಲೂ ದಾಖಲಾಗದ ಹಿರಿಯರೊಬ್ಬರಿಗೆ ಈ ಜಾಗ ಬಿಟ್ಟುಕೊಡುವುದು ಹೆಚ್ಚು ಅರ್ಥದ ಕೆಲಸ.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಈ ನೆಲದ ಹಳೆಯ ರೂಢಿ. ಹೊಯ್ಸಳರ ವಂಶಾವಳಿಯಲ್ಲಿ ಅದು ಎದ್ದು ಕಾಣುತ್ತದೆ. ಒಂದನೆಯ ನರಸಿಂಹನ ಮಗ ಇಮ್ಮಡಿ ಬಲ್ಲಾಳ, ಅವನ ಮಗ ಮತ್ತೆ ನರಸಿಂಹ. ಆ ಇಮ್ಮಡಿ ನರಸಿಂಹನ ಮಗ ಸೋಮೇಶ್ವರ, ಅವನ ಮಗ ಮತ್ತೊಬ್ಬ ನರಸಿಂಹ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಮರಳಿ ಸಿಂಹಾಸನ ಏರಿದೆ. ರಾಜರಿಗೆ ಸರಿಹೋದದ್ದು ಗೃಹಸ್ಥರ ಮನೆಯಲ್ಲಿ ಒಂದು ತೊಡಕು ತಂದಿತು. ಸೊಸೆ ಮಾವನ ಹೆಸರು ಎತ್ತುವಂತಿರಲಿಲ್ಲ. ಮಗುವಿಗೆ ಮಾವನ ಹೆಸರೇ ಇಟ್ಟ ಮೇಲೆ ಅದನ್ನು ಊಟಕ್ಕೆ ಕರೆಯುವುದು ಹೇಗೆ? ಹಟ ಮಾಡಿದಾಗ ಗದರುವುದು ಹೇಗೆ? ಹಾಗಾಗಿ ಎಷ್ಟೋ ಮನೆಗಳಲ್ಲಿ ನಂಜುಂಡಪ್ಪನೆಂದು ಹೆಸರು ಪಡೆದ ಕೂಸು ಪುಟ್ಟನೋ, ಅಪ್ಪಾಜಿಯೋ, ತಾತಪ್ಪನೋ ಆಗಿ ಬೆಳೆಯಿತು. ಕರೆಯಲಾಗದ ಹೆಸರೊಂದು, ಕರೆಯುವ ಹೆಸರೊಂದು.

ಶಾಸ್ತ್ರದಲ್ಲೂ ಈ ಬಗೆಯ ವಿಂಗಡಣೆಗೆ ಜಾಗ ಇತ್ತು. ವೈದಿಕ ಕ್ರಮದ ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ನಾಲ್ಕು ಹೆಸರುಗಳನ್ನು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆಯುವುದುಂಟು. ಹೊರಗೆ ಚಲಾವಣೆಯಾಗುವುದು ಕೊನೆಯದೊಂದೇ. ಉತ್ತರ ಕರ್ನಾಟಕದಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಉಸುರುವ ಹೆಸರಿಗೂ, ಆಮೇಲೆ ಓಣಿಯಲ್ಲಿ ಕೂಗುವ ಹೆಸರಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಒಂದು ಮಗುವಿಗೆ ಒಂದೇ ಹೆಸರು ಎಂಬ ಕಟ್ಟು ಶಾಲೆಯ ಹಾಜರಿ ಪುಸ್ತಕದಿಂದ ಬಂದದ್ದು, ಮನೆಯಿಂದಲ್ಲ. ಆದ್ದರಿಂದ ಅಜ್ಜನ ಹೆಸರನ್ನು ನಡುವೆ ಇರಿಸಿ, ಕರೆಯಲು ಹೊಸ ಹೆಸರೊಂದನ್ನು ಇಡುವ ಇಂದಿನ ತಂದೆತಾಯಿ ರೂಢಿ ಮುರಿದಂತಾಗುವುದಿಲ್ಲ. ಗೌರವದ ಹೆಸರನ್ನು ಬಾಯಿಂದ ಬಾಯಿಗೆ ಸವೆಯಲು ಬಿಡದೆ ಕಾಯ್ದಿಡುವ ಹಳೆಯ ಜಾಣತನವೇ ಅದು. ಹಿರಿಯರು ಬೇಸರಪಟ್ಟುಕೊಳ್ಳುವುದು ಸಾಮಾನ್ಯವಾಗಿ ಇಲ್ಲಿಯೇ, 'ನಡುವೆ ತುರುಕಿದರು' ಎಂದು. ತಮ್ಮ ಹೆಸರನ್ನು ಸೊಸೆ ದಿನಕ್ಕೆ ಇಪ್ಪತ್ತು ಸಲ ಕೂಗುವುದನ್ನು ಕೇಳಬೇಕಾಗಿ ಬಂದರೆ ಆ ಬೇಸರ ಹೆಚ್ಚೋ ಕಡಿಮೆಯೋ ಎಂದು ಅವರೇ ಲೆಕ್ಕ ಹಾಕಬಹುದು.

ಅಜ್ಜಿಯ ವಿಷಯ ಇದಕ್ಕಿಂತ ದೊಡ್ಡದು. ಊರು ಉಳಿಯಿತು, ಅಪ್ಪ ಒಂದು ತಲೆಮಾರು ಉಳಿದ. ಅವ್ವನ ಹೆಸರು ಇನಿಷಿಯಲ್ ಆಗಿಯೂ ಉಳಿಯಲಿಲ್ಲ. ಅವಳದೇ ಹೆಸರಿನ ಪಕ್ಕದ ಅಕ್ಷರ ಮದುವೆಯ ದಿನ ಬದಲಾಗಿ ಅಪ್ಪ ಹೋಗಿ ಗಂಡ ಬಂದ. ಕನ್ನಡದ ಲೇಖಕಿಯರ ಹೆಸರುಗಳಲ್ಲೇ ಇದನ್ನು ಕಾಣಬಹುದು: ತ್ರಿವೇಣಿಯವರು ಅನಸೂಯಾ ಶಂಕರ್, ವೈದೇಹಿಯವರು ಜಾನಕಿ ಶ್ರೀನಿವಾಸಮೂರ್ತಿ, ಸಾರಾ ಅಬೂಬಕ್ಕರ್. ಕಮಲಾ ಹಂಪನಾ ಅವರ ಹೆಸರು ಇದರಲ್ಲಿ ವಿಶೇಷ. ಗಂಡ ಹಂಪ ನಾಗರಾಜಯ್ಯನವರ ಇನಿಷಿಯಲ್‌ಗಳೇ ಕೂಡಿಕೊಂಡು ಅಲ್ಲಿ ಮನೆತನದ ಹೆಸರಿನಂತಾಗಿವೆ.

ತಾಯಿಯ ಹೆಸರು ಮಗನ ಜೊತೆ ನಿಲ್ಲುವುದು ಈ ನಾಡಿಗೆ ಹೊಸದೇನೂ ಅಲ್ಲ. ಶಾತವಾಹನ ಅರಸರು ಗೌತಮೀಪುತ್ರ, ವಾಸಿಷ್ಠೀಪುತ್ರ ಎಂದು ಶಾಸನಗಳಲ್ಲಿ ಕರೆಸಿಕೊಂಡವರು. ಬನವಾಸಿಯ ಚುಟು ಅರಸರು ಹಾರಿತೀಪುತ್ರರು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಬರಿ ಎಂಬ ಕುಲದ ಗುರುತು ತಾಯಿಯಿಂದಲೇ ಬರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ಬೇಂದ್ರೆ. ದಾಖಲೆಯಲ್ಲಿ ಅವರ ನಡುವಿನ ಹೆಸರು ರಾಮಚಂದ್ರ, ಅಪ್ಪನದು. ಕವಿತೆಯ ಕೆಳಗೆ ಅವರು ಹಾಕಿದ್ದು ಅಂಬಿಕಾತನಯದತ್ತ, ಅಂಬಿಕೆಯ ಮಗ ದತ್ತ. ಸರ್ಕಾರಿ ಕಾಗದ ಅಪ್ಪನಿಗೆ, ಕಾವ್ಯ ಅವ್ವನಿಗೆ.

ಗಂಡುಮಗುವಿನ ಹೆಸರಿನ ನಡುವೆ ಅಜ್ಜಿಯ ಹೆಸರು ಹೇಗೆ ಹೊಂದೀತು ಎಂಬ ಆಕ್ಷೇಪ ಬರುತ್ತದೆ. ಹೆಣ್ಣುಮಗುವಿನ ಹೆಸರಿನ ನಡುವೆ ಬಸವರಾಜನೋ ಶಂಕರಪ್ಪನೋ ಇಷ್ಟು ದಿನ ಯಾರ ತಕರಾರೂ ಇಲ್ಲದೆ ಕೂತಿರುವಾಗ, ಈ ಆಕ್ಷೇಪಕ್ಕೆ ಬಲ ಕಡಿಮೆ. ನಡುವಿನ ಹೆಸರು ಮಗುವಿನ ಲಿಂಗವನ್ನು ಹೇಳಲು ಇರುವುದಲ್ಲ, ಅದು ಯಾರ ಮನೆಯ ಮಗು ಎಂದು ಹೇಳಲು ಇರುವುದು. ಹೆಣ್ಣುಮಗುವಿಗೆ ಅಜ್ಜಿಯ ಹೆಸರಿದ್ದರೆ ಇನ್ನೂ ಒಂದು ಲಾಭ: ಮದುವೆಯಾದ ಮೇಲೆ ಬದಲಾಯಿಸಬೇಕಾದ ಅಕ್ಷರ ಅದಲ್ಲ. ಅಪ್ಪನ ಸ್ಥಾನಕ್ಕೆ ಗಂಡನನ್ನು ತರಬಹುದು. ಅಜ್ಜಿಯ ಸ್ಥಾನಕ್ಕೆ ಯಾರನ್ನೂ ತರಲು ಬರುವುದಿಲ್ಲ.

ಹಿರಿಯರ ಹೆಸರನ್ನು ಇದ್ದಂತೆಯೇ ಇಡಬೇಕೇ ತಿದ್ದಬಹುದೇ ಎಂಬುದು ಮುಂದಿನ ಪ್ರಶ್ನೆ. ಕನ್ನಡದ ಹಳೆಯ ಹೆಸರುಗಳ ಕೊನೆಯಲ್ಲಿರುವ ಅಪ್ಪ, ಅಮ್ಮ, ಅಯ್ಯ, ಅವ್ವ, ಅಕ್ಕ ಹೆಸರಿಗೆ ಅಂಟಿಕೊಂಡ ಗೌರವ. ಅವನ್ನು ಬಿಡಿಸಿದರೆ ತಿರುಳು ಉಳಿಯುತ್ತದೆ: ಗೌರಮ್ಮ ಗೌರಿಯಾಗುತ್ತಾಳೆ, ಶಿವಪ್ಪ ಶಿವನಾಗುತ್ತಾನೆ, ಭಾಗೀರಥಮ್ಮ ಭಾಗೀರಥಿಯಾಗುತ್ತಾಳೆ. ಇದು ಅಗೌರವವಲ್ಲ. ಆದರೆ ನಂಜಮ್ಮನನ್ನು 'ನವ್ಯಾ' ಮಾಡಿ, 'ನ' ಅಕ್ಷರ ಉಳಿಸಿದ್ದೇವಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ಇನಿಷಿಯಲ್‌ಗಿಂತಲೂ ಬಡ ಗೌರವ. ನಂಜಮ್ಮನನ್ನು ನಂಜಮ್ಮ ಎಂದೇ ನಡುವೆ ಬರೆಯಲು ಯಾವ ಅಡ್ಡಿಯೂ ಇಲ್ಲ. ಅಂಗಳದಲ್ಲಿ ಕೂಗುವ ಹೆಸರು ಅದಲ್ಲವಲ್ಲ.

ಕೆಲವು ಹೆಸರುಗಳ ಹಿಂದೆ ಸಂಕಟದ ಕಥೆ ಇರುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ಗುಂಡ, ಕಲ್ಲ ಎಂದು ಹೆಸರಿಡುತ್ತಿದ್ದರು. ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ ಎನ್ನುತ್ತಿದ್ದರು. ಸಾವಿನ ಕಣ್ಣು ಇಂಥ ಹೆಸರಿನ ಮೇಲೆ ಬೀಳದು ಎಂಬ ನಂಬಿಕೆ. ಹೆಣ್ಣುಮಕ್ಕಳ ಸಾಲು ನಿಲ್ಲಲಿ ಎಂದು ಸಾಕಮ್ಮ ಎಂದಿಟ್ಟ ಮನೆಗಳೂ ಇದ್ದವು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬಾರದು. ಗುಂಡಪ್ಪ ಎಂಬ ಹೆಸರಿನಲ್ಲಿ ಮಗು ಬದುಕಲಿ ಎಂಬ ಹಂಬಲ ಇದೆ, ಅದನ್ನು ಹೆಮ್ಮೆಯಿಂದ ಮುಂದುವರಿಸಬಹುದು. ಬೇಸತ್ತು ಇಟ್ಟ ಹೆಸರಿನ ಮಾತು ಬೇರೆ. ಆ ಅಜ್ಜಿಯನ್ನು ಮನೆಯವರು ಪ್ರೀತಿಯಿಂದ ಬೇರೆ ಏನಾದರೂ ಕರೆಯುತ್ತಿದ್ದರೆ ಮೊಮ್ಮಗಳಿಗೆ ಆ ಹೆಸರನ್ನೇ ಕೊಡುವುದು ಚೆನ್ನ.

ಕುಟುಂಬಕ್ಕೆ ಗೌರವ ಎಂದ ಕೂಡಲೇ ಕೆಲವರು ಮನೆತನದ ಅಡ್ಡಹೆಸರಿಗೆ ಹೋಗುತ್ತಾರೆ. ಊರು ಮತ್ತು ಅಪ್ಪನ ಅಕ್ಷರಗಳ ಪದ್ಧತಿಯಲ್ಲಿ ಜಾತಿ ಬಹುಮಟ್ಟಿಗೆ ಮರೆಯಲ್ಲಿತ್ತು; ಅಡ್ಡಹೆಸರು ಅದನ್ನು ಮತ್ತೆ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಅದು ಬೇಡವೆನ್ನುವವರಿಗೆ ಒಬ್ಬ ವ್ಯಕ್ತಿಯ ಹೆಸರೇ ದಾರಿ. ಹಾಗೆ ತಂದ ಹೆಸರು ಒಂದೇ ತಲೆಮಾರಿನಲ್ಲಿ ಮನೆತನದ ಹೆಸರಾಗಿಬಿಡುವುದೂ ಉಂಟು. ನಾಗವಾರ ರಾಮರಾವ್ ನಾರಾಯಣಮೂರ್ತಿಯವರ ಸ್ವಂತ ಹೆಸರಿನ ತುದಿಯಾದ 'ಮೂರ್ತಿ' ಅವರ ಮಕ್ಕಳಿಗೆ ಸರ್‌ನೇಮ್ ಆಗಿದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಸಿನಿಮಾಕ್ಕಾಗಿ ಪಡೆದ 'ರಾಜ್‌ಕುಮಾರ್' ಎಂಬ ಹೆಸರು ಮೂವರು ಗಂಡುಮಕ್ಕಳ ಹೆಸರಿನ ಕೊನೆಗೂ ಬಂದು ನಿಂತಿತು.

ಕಡಲಾಚೆ ನೆಲಸಿದ ಕನ್ನಡಿಗರಿಗೆ ಈ ಪ್ರಶ್ನೆ ಆಸ್ಪತ್ರೆಯಲ್ಲೇ ಎದುರಾಗುತ್ತದೆ. ಅಮೆರಿಕದ ಜನನ ನೋಂದಣಿಯ ನಮೂನೆಯಲ್ಲಿ ಮೊದಲ, ನಡುವಿನ, ಕೊನೆಯ ಹೆಸರಿಗೆ ಮೂರು ಕಾಲಂ ಇರುತ್ತವೆ. ಬಾಣಂತಿ ಮನೆಗೆ ಹೊರಡುವ ಮುಂಚೆಯೇ ಅದನ್ನು ತುಂಬಿಸಿಕೊಳ್ಳುವುದು ರೂಢಿ. ಇಂಗ್ಲೆಂಡಿನಲ್ಲಿ ನೋಂದಣಿಗೆ 42 ದಿನ ಸಮಯವಿದೆ, ಹನ್ನೊಂದನೆಯ ದಿನದ ನಾಮಕರಣಕ್ಕೆ ಬೇಕಾದಷ್ಟು ಬಿಡುವು. ಭಾರತದ ಪಾಸ್‌ಪೋರ್ಟಿನಲ್ಲಿ ನಡುವಿನ ಹೆಸರಿಗೆ ಬೇರೆ ಕಾಲಂ ಇಲ್ಲ. 'ಗಿವನ್ ನೇಮ್' ಎಂಬಲ್ಲಿ ಮೊದಲ ಹೆಸರು, ಅದರ ಬೆನ್ನಿಗೇ ನಡುವಿನ ಹೆಸರು. ಸರ್‌ನೇಮ್ ಮಾತ್ರ ಬೇರೆ. ಸರ್‌ನೇಮ್ ಕಾಲಂ ಖಾಲಿ ಬಿಟ್ಟವರ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' ಎಂದು ಮುದ್ರಣವಾಗುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಹೆಸರಿಡಲು ಊರೆಲ್ಲ ಕೂಡಿಸಿದ್ದ ಮಗು ದೊಡ್ಡದಾದ ಮೇಲೆ ಹೊರದೇಶದಲ್ಲಿ ಮಿಸ್ಟರ್ ಎಫ್ಎನ್‌ಯು ಆಗಿ ಸಾಲಿನಲ್ಲಿ ನಿಲ್ಲುತ್ತದೆ. ಯುಎಇ 2022ರ ನವೆಂಬರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿಯ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು.

ಉದ್ದದ ಲೆಕ್ಕವೂ ಇದೆ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಲ್ಲಿ ಮೊದಲನೆಯದು 44 ಅಕ್ಷರಗಳದು, ಅದರಲ್ಲಿ ಪೂರ್ಣ ಹೆಸರಿಗೆ ಸಿಗುವುದು 39. ನಡುವಿನ ತೆರಪುಗಳೂ ಅದರಲ್ಲೇ ಸೇರುತ್ತವೆ. ವೆಂಕಟಲಕ್ಷಮ್ಮ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಒಂದಕ್ಕೇ 16 ಅಕ್ಷರ ಬೇಕು. ಎರಡೂ ಕಡೆಯ ಅಜ್ಜಂದಿರನ್ನು ಒಟ್ಟಿಗೆ ಕೂರಿಸಿದರೆ ಮಗುವಿನ ಹೆಸರಿನ ಬಾಲ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಪ್ಯಾನ್ ಸಂಖ್ಯೆಯ ಐದನೆಯ ಅಕ್ಷರ ಸರ್‌ನೇಮ್‌ನ ಮೊದಲ ಅಕ್ಷರದಿಂದ ಬರುವುದರಿಂದ, ಯಾವುದು ನಡು, ಯಾವುದು ಕೊನೆ ಎಂಬುದನ್ನು ಮೊದಲೇ ತೀರ್ಮಾನಿಸಿ ಎಲ್ಲ ಕಾಗದದಲ್ಲೂ ಅದೇ ಕ್ರಮ ಪಾಲಿಸಬೇಕಾಗುತ್ತದೆ.

ಇರುವುದು ಒಂದು ಜಾಗ, ಹಿರಿಯರು ನಾಲ್ವರು. ಜಗಳ ಹುಟ್ಟುವುದು ಅಲ್ಲಿಯೇ. ಮೊದಲ ಮಗುವಿಗೆ ಅಪ್ಪನ ಕಡೆ, ಎರಡನೆಯದಕ್ಕೆ ಅಮ್ಮನ ಕಡೆ ಎಂಬ ಸರದಿ ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಕಾಣುತ್ತದೆ, ಬೇರೆ ಸಮುದಾಯಗಳಲ್ಲೂ ಇಲ್ಲದಿಲ್ಲ. ಒಂದೇ ಮಗು ಸಾಕೆನ್ನುವ ಮನೆಗಳಲ್ಲಿ ಈ ಸರದಿಗೆ ಬೆಲೆಯಿಲ್ಲ. ಅಂಥಲ್ಲಿ ಮನೆತನದ ಹೆಸರು ಅಪ್ಪನ ಕಡೆಯಿಂದ ಬಂದಿದ್ದರೆ ನಡುವಿನದನ್ನು ಅಮ್ಮನ ಕಡೆಗೆ ಬಿಡುವುದು ನ್ಯಾಯ. ಕೋಪತಾಪ ಎಷ್ಟೇ ಇರಲಿ, ತೀರ್ಮಾನದ ಹಕ್ಕು ತಂದೆತಾಯಿಯದು. ತಂದೆ ತೀರಿಕೊಂಡಿದ್ದರೆ ಮಗುವಿನ ಸರ್‌ನೇಮ್ ನಿರ್ಧರಿಸುವ ಹಕ್ಕು ಸ್ವಾಭಾವಿಕ ಪೋಷಕಿಯಾದ ತಾಯಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿದೆ. ಮದುವೆಯಾಗದ ತಾಯಿ ಅಫಿಡವಿಟ್ ಸಲ್ಲಿಸಿದರೆ ತಂದೆಯ ಹೆಸರು ಕೇಳದೆ ಜನನ ಪ್ರಮಾಣಪತ್ರ ಕೊಡಬೇಕೆಂದು 2015ರಲ್ಲೇ ಹೇಳಿತ್ತು.

ಅವಸರಕ್ಕೆ ಕಾರಣವೂ ಇಲ್ಲ. ಜನನ ಮತ್ತು ಮರಣ ನೋಂದಣಿ ಕಾಯ್ದೆ 1969ರ ಪ್ರಕಾರ ಜನನವನ್ನು 21 ದಿನದೊಳಗೆ ತಿಳಿಸಬೇಕು. ಹೆಸರನ್ನು ಆಗಲೇ ಕೊಡಬೇಕೆಂದಿಲ್ಲ. ಹೆಸರಿನ ಕಾಲಂ ಖಾಲಿ ಬಿಟ್ಟು ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ ತಡಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶ ಇದೆ. 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಶಾಲೆಗೆ ಸೇರಲು, ಮತದಾರರ ಪಟ್ಟಿಗೆ, ಚಾಲನಾ ಪರವಾನಗಿಗೆ ಈ ಒಂದು ಪತ್ರವೇ ಹುಟ್ಟಿನ ಆಧಾರ. ಅದರಲ್ಲಿ ಬಿದ್ದ ಕಾಗುಣಿತವೇ ಮುಂದೆ ಆಧಾರ್‌ಗೂ ಹೋಗುತ್ತದೆ, ಅಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಹೆಸರಿನ ಅರ್ಜಿ ತುಂಬುವಾಗ ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಬರೆಯಬೇಕಾಗುತ್ತದೆ. ಅಜ್ಜಿ ಬದುಕಿದ್ದು, ಬರೆಯಬಲ್ಲವರಾದರೆ, ಕನ್ನಡದ ಸಾಲನ್ನು ಅವರ ಕೈಯಲ್ಲೇ ಬರೆಸಬಹುದು. ತನ್ನ ಹೆಸರಿನಲ್ಲಿ ಎಷ್ಟು ಒತ್ತಕ್ಷರ ಇವೆ ಎಂದು ಅವರಿಗೆ ಗೊತ್ತಿರುವಷ್ಟು ಕೌಂಟರಿನ ಹಿಂದೆ ಕೂತವರಿಗೆ ಗೊತ್ತಿರುವುದಿಲ್ಲ.